ಗಾಳಿ ಇದೆ, ಗಿರಾಕಿ ಎಲ್ಲಿ?

ಅಂಗಡಿ ಕಟ್ಟಿ, ಸರಕು ತುಂಬಿ, ಬಾಗಿಲು ತೆರೆದು ಕೂತ ಮೇಲೆ ಆ ಅಂಗಡಿಗೆ ದಾರಿಯೇ ಇಲ್ಲ ಎಂದು ಗೊತ್ತಾದರೆ ಹೇಗಿದ್ದೀತು? ಆಫ್ರಿಕ ಖಂಡದ ಕೆನ್ಯಾ ದೇಶದಲ್ಲಿ ಹೆಚ್ಚುಕಡಿಮೆ ಇಂಥದೇ ಒಂದು ಪ್ರಸಂಗ ನಡೆಯಿತು. 2017ರ ಮಾರ್ಚ್ ಹೊತ್ತಿಗೆ ಆ ದೇಶದ ಉತ್ತರ ಭಾಗದ ಬರಡು ನೆಲದಲ್ಲಿ, ತುರ್ಕಾನ ಸರೋವರದ ಸಮೀಪ, 365 ಗಾಳಿಯಂತ್ರಗಳು ಎದ್ದು ನಿಂತಿದ್ದವು. ವರ್ಷದ ದಿನಕ್ಕೊಂದರಂತೆ ಲೆಕ್ಕ! ಒಂದೊಂದರ ಸಾಮರ್ಥ್ಯ 850 ಕಿಲೋವಾಟ್. ಎಲ್ಲ ಸೇರಿ 310 ಮೆಗಾವಾಟ್. ಗಾಳಿಯೂ ಭರ್ರೆಂದು ಬೀಸುತ್ತಿತ್ತು. ಆದರೆ 2018ರ ಸೆಪ್ಟೆಂಬರ್ ಕೊನೆಯ ವಾರದವರೆಗೆ, ಅಂದರೆ ಸುಮಾರು ಒಂದೂವರೆ ವರ್ಷ, ಆ ಯಂತ್ರಗಳಿಂದ ನೈರೋಬಿ ನಗರದ ಒಂದು ಬಲ್ಬೂ ಹೊತ್ತಿಕೊಳ್ಳಲಿಲ್ಲ.

ಕಾರಣ ತೀರಾ ಸರಳ. ಕರೆಂಟನ್ನು ಹೊತ್ತು ತರಬೇಕಾದ ತಂತಿಯೇ ಬಂದಿರಲಿಲ್ಲ.

ಆಫ್ರಿಕದಲ್ಲಿ ಗಾಳಿಯಿಂದ ವಿದ್ಯುತ್ ಮಾಡುವ ಮಾತು ಬಂದಾಗಲೆಲ್ಲ ‘ಅಲ್ಲಿ ಗಾಳಿಗೇನು ಕೊರತೆ’ ಎನ್ನುವವರು ಬಹಳ. ಕೊರತೆ ಇಲ್ಲ, ನಿಜ. ಆದರೂ 2023ರ ಕೊನೆಗೆ ಇಡೀ ಜಗತ್ತಿನ ಗಾಳಿ ವಿದ್ಯುತ್ ಸಾಮರ್ಥ್ಯ ಹತ್ತು ಲಕ್ಷ ಮೆಗಾವಾಟನ್ನು ದಾಟಿದಾಗ ಅದರಲ್ಲಿ ಆಫ್ರಿಕದ ಪಾಲು ನೂರಕ್ಕೆ ಒಂದರಷ್ಟೂ ಇರಲಿಲ್ಲ. ಆ ಸ್ವಲ್ಪದಲ್ಲೂ ಬಹುಪಾಲು ದಕ್ಷಿಣ ಆಫ್ರಿಕ, ಈಜಿಪ್ಟ್, ಮೊರಾಕೊ ಎಂಬ ಮೂರೇ ದೇಶಗಳದ್ದು. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡದಲ್ಲಿ ಉಳಿದವರ ಗಾಳಿ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕಲು ತುರ್ಕಾನ ಸರೋವರದ ಕಥೆಗಿಂತ ಒಳ್ಳೆಯ ಪಾಠ ಸಿಗಲಾರದು. ಅದರಲ್ಲಿ ವಿಜ್ಞಾನವಿದೆ, ಬಡ್ಡಿ ಲೆಕ್ಕವಿದೆ, ಕೋರ್ಟು ಕಚೇರಿಯೂ ಇದೆ.

ಮೊದಲು ಗಾಳಿಯ ವಿಷಯ. ನಕಾಶೆಯಲ್ಲಿ ಕೆನ್ಯಾ ಮತ್ತು ಇಥಿಯೋಪಿಯ ಸೇರುವ ಕಡೆ ಉದ್ದಕ್ಕೆ ಪಡುವಲಕಾಯಿಯಂತೆ ಕಾಣುವ ನೀಲಿ ಗೆರೆಯೇ ತುರ್ಕಾನ. ಉತ್ತರಕ್ಕೆ ಇಥಿಯೋಪಿಯದ ಎತ್ತರದ ಬೆಟ್ಟಸೀಮೆ, ದಕ್ಷಿಣಕ್ಕೆ ಕೆನ್ಯಾದ ಬೆಟ್ಟಸೀಮೆ. ನಡುವೆ ತಗ್ಗು. ಹಿಂದೂ ಮಹಾಸಾಗರದ ಕಡೆಯಿಂದ ಬರುವ ಆಗ್ನೇಯ ದಿಕ್ಕಿನ ಗಾಳಿಗೆ ಈ ಎರಡು ಗೋಡೆಗಳ ನಡುವಿನ ಸಂದಿಯೇ ದಾರಿ. ಬೇಸಿಗೆಯಲ್ಲಿ ಮನೆಯ ಎದುರುಬದುರು ಬಾಗಿಲು ತೆರೆದಿಟ್ಟರೆ ನಡುಮನೆಯಲ್ಲಿ ಗಾಳಿ ಹೇಗೆ ನುಗ್ಗುತ್ತದೋ ಹಾಗೆ. ಹೀಗೆ ನುಗ್ಗುವ ಗಾಳಿಯ ಹೊನಲೊಂದು ನೆಲಕ್ಕೆ ಹೆಚ್ಚು ಎತ್ತರವಲ್ಲದ ಮಟ್ಟದಲ್ಲಿ ವರ್ಷವಿಡೀ ಹರಿಯುತ್ತದೆ ಎಂಬುದನ್ನು 1982ರಲ್ಲಿ ವಿಜ್ಞಾನ ಜಗತ್ತಿಗೆ ತಿಳಿಸಿದವರು ಇಬ್ಬರು. ಒಬ್ಬರು ಕೆನ್ಯಾದ ಜೆ.ಎಚ್. ಕಿನುಥಿಯಾ, ಇನ್ನೊಬ್ಬರು ಭಾರತದ ಹವಾಮಾನ ವಿಜ್ಞಾನಿ ಜಿ.ಸಿ. ಅಸ್ನಾನಿ. ಆಗ ಅವರಿಗೆ ಕರೆಂಟಿನ ಯೋಚನೆ ಇರಲಿಲ್ಲ. ಆ ಸೀಮೆಯಲ್ಲಿ ಮಳೆ ಏಕೆ ಅಷ್ಟು ಕಡಿಮೆ, ಮೋಡಗಳು ಎತ್ತ ಹೋಗುತ್ತವೆ ಎಂಬಂಥ ವಿಚಾರಗಳಿಗೆ ಆ ಗಾಳಿಯ ತಿಳಿವಳಿಕೆ ಬೇಕಾಗಿತ್ತು. ಯಾವ ಉದ್ದೇಶಕ್ಕೋ ಮಾಡಿದ ಅಳತೆ ಮುಂದೆ ಯಾವುದಕ್ಕೋ ಒದಗಿ ಬರುವುದು ವಿಜ್ಞಾನದಲ್ಲಿ ಹೊಸದೇನಲ್ಲ.

ಸರೋವರದ ದಂಡೆಗೆ ಬಿಡಾರ ಹೂಡಲು ಹೋಗುತ್ತಿದ್ದ ಡಚ್ ಮನುಷ್ಯನೊಬ್ಬನಿಗೆ ಅಲ್ಲಿ ಗುಡಾರ ನಿಲ್ಲಿಸುವುದೇ ಕಷ್ಟವಾಗಿ, ‘ಈ ಗಾಳಿಯಿಂದ ಬೇರೆ ಏನಾದರೂ ಮಾಡಬಾರದೇಕೆ’ ಎಂದು ಹೊಳೆಯಿತೆಂದೂ, ಇಡೀ ಯೋಜನೆಗೆ ಅದೇ ಬೀಜವೆಂದೂ ಹೇಳುತ್ತಾರೆ. ದೊಡ್ಡ ಯೋಜನೆಗಳಿಗೆ ಇಂಥ ಹುಟ್ಟುಕಥೆಗಳು ಅಂಟಿಕೊಳ್ಳುವುದು ವಾಡಿಕೆ. ಕಥೆ ಹಾಗಿರಲಿ, ಅಲ್ಲಿನ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು 11 ಮೀಟರ್, ಅಂದರೆ ಗಂಟೆಗೆ 40 ಕಿಲೋಮೀಟರ್. ನೆನಪಿಡಿ, ಇದು ಬಿರುಗಾಳಿಯ ದಿನದ ಲೆಕ್ಕವಲ್ಲ, ಸರಾಸರಿ.

ಈ ಸಂಖ್ಯೆಯ ಬೆಲೆ ತಿಳಿಯಬೇಕಾದರೆ ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗುವ ಶಕ್ತಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಹೇಗೆಂದರೆ, ವೇಗ ಇಮ್ಮಡಿಯಾದಾಗ ಅದೇ ಒಂದು ಸೆಕೆಂಡಿನಲ್ಲಿ ರೆಕ್ಕೆಗಳ ಮೂಲಕ ಹಾದುಹೋಗುವ ಗಾಳಿಯ ಪ್ರಮಾಣ ಇಮ್ಮಡಿ. ಜೊತೆಗೆ ಪ್ರತಿಯೊಂದು ಕಿಲೋ ಗಾಳಿಯಲ್ಲಿರುವ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ನಾಲ್ಕು ಪಟ್ಟು. ಎರಡು ನಾಲ್ಕಲಿ ಎಂಟು! ಹೀಗಾಗಿ ಸೆಕೆಂಡಿಗೆ 6 ಮೀಟರ್ ಬೀಸುವ ಊರಿಗಿಂತ 11 ಮೀಟರ್ ಬೀಸುವ ಊರಿನ ಗಾಳಿಯಲ್ಲಿ ಆರು ಪಟ್ಟಿಗಿಂತ ಹೆಚ್ಚು ಶಕ್ತಿ ಅಡಗಿದೆ. ಒಳ್ಳೆಯದೆನಿಸಿದ ಬೇರೆ ಜಾಗಗಳಲ್ಲಿ ಗಾಳಿಯಂತ್ರಗಳು ವರ್ಷದಲ್ಲಿ ತಮ್ಮ ಪೂರ್ಣ ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟು ದುಡಿದರೆ ತೃಪ್ತಿ. ತುರ್ಕಾನದ ಯಂತ್ರಗಳು ಅರ್ಧಕ್ಕೂ ಮಿಕ್ಕಿ ದುಡಿದು ತೋರಿಸಿವೆ.

ಆದರೆ ಗಾಳಿ ಇರುವ ಕಡೆ ಜನ ಇಲ್ಲ, ಜನ ಇರುವ ಕಡೆ ಗಾಳಿ ಇಲ್ಲ. ಯಂತ್ರಗಳ ಭಾಗಗಳು ಹಡಗಿನಲ್ಲಿ ಮೊಂಬಾಸ ಬಂದರಿಗೆ ಬಂದವು. ಅಲ್ಲಿಂದ ಸ್ಥಳಕ್ಕೆ ಸುಮಾರು 1,200 ಕಿಲೋಮೀಟರ್. ಕೊನೆಯ 200 ಚಿಲ್ಲರೆ ಕಿಲೋಮೀಟರ್ ರಸ್ತೆಯನ್ನಂತೂ ಹೊಸದಾಗಿ ಮಾಡಿದಷ್ಟೇ ಕೆಲಸವಾಯಿತು. ಚಿತ್ರದುರ್ಗದ ಬಳಿ ಹೆದ್ದಾರಿಯಲ್ಲಿ ಹೋಗುವಾಗ ಉದ್ದನೆಯ ಲಾರಿಯ ಮೇಲೆ ಒಂಟಿ ರೆಕ್ಕೆ ಸಾಗುವುದನ್ನು ನೋಡಿದ ಮಕ್ಕಳಿಗೆ ಈ ಕಷ್ಟ ಬೇಗ ಅರ್ಥವಾದೀತು. ಬೇರೆ ದೇಶಗಳಲ್ಲಿ ಎರಡು, ಮೂರು ಮೆಗಾವಾಟಿನ ದೈತ್ಯಯಂತ್ರಗಳನ್ನು ನೆಡುತ್ತಿದ್ದ ಕಾಲದಲ್ಲಿ ಇಲ್ಲಿಗೆ ಒಂದು ಮೆಗಾವಾಟೂ ಇಲ್ಲದ ಸಣ್ಣ ಯಂತ್ರಗಳನ್ನು ಆರಿಸಿದ್ದಕ್ಕೆ ಈ ದಾರಿಯೂ ಒಂದು ಕಾರಣ. ಐವತ್ತೆರಡು ಮೀಟರ್ ಅಗಲಕ್ಕೆ ತಿರುಗುವ ಈ ರೆಕ್ಕೆಗಳಿಗೆ ಗಾಳಿಯ ರಭಸವೇ ಸಾಕಾಗಿತ್ತು, ದೊಡ್ಡ ಗಾತ್ರದ ಹಂಗು ಬೇಕಿರಲಿಲ್ಲ.

ಇಷ್ಟೆಲ್ಲ ಯಂತ್ರ, ಸಾಗಣೆಯ ಮಾತಾಯಿತು. ಇವಕ್ಕಿಂತ ಕಷ್ಟದ್ದು ಹಣದ ಮಾತು.

ಡೀಸೆಲ್ ಸುಟ್ಟು ವಿದ್ಯುತ್ ಮಾಡುವವನಿಗೆ ಖರ್ಚು ದಿನದಿನಕ್ಕೆ ಬರುತ್ತದೆ. ಯಂತ್ರ ಓಡಿದಷ್ಟು ಎಣ್ಣೆ, ಎಣ್ಣೆಯಷ್ಟು ದುಡ್ಡು. ಗಾಳಿಯವನ ಸ್ಥಿತಿ ಬೇರೆ. ಅವನಿಗೆ ಗಾಳಿ ಬಿಟ್ಟಿ ಸಿಗುತ್ತದೆ, ಆದರೆ ಯಂತ್ರ, ಕಂಬ, ರಸ್ತೆ ಎಲ್ಲಕ್ಕೂ ಮೊದಲೇ ಹಣ ಸುರಿಯಬೇಕು. ಇಪ್ಪತ್ತು ವರ್ಷದ ಬಾಡಿಗೆಯನ್ನು ಮೊದಲ ದಿನವೇ ಎಣಿಸಿಕೊಟ್ಟು ಮನೆಯೊಳಗೆ ಕಾಲಿಟ್ಟಂತೆ. ಅಷ್ಟು ಹಣ ಯಾರ ಜೇಬಿನಲ್ಲೂ ಇರುವುದಿಲ್ಲ, ಸಾಲ ತರಬೇಕು. ತುರ್ಕಾನ ಯೋಜನೆಗೆ ತಗಲಿದ್ದು ಸುಮಾರು 62 ಕೋಟಿ ಯೂರೋ. ಕೆನ್ಯಾದ ಇತಿಹಾಸದಲ್ಲೇ ಖಾಸಗಿಯವರು ಹೂಡಿದ ಅತಿ ದೊಡ್ಡ ಬಂಡವಾಳ ಅದೆಂದು ಹೆಸರಾಯಿತು. ಇಂಥ ಯೋಜನೆಯಲ್ಲಿ ಗಾಳಿಯ ವೇಗ ಎಷ್ಟು ಮುಖ್ಯವೋ ಬಡ್ಡಿಯ ದರವೂ ಅಷ್ಟೇ ಮುಖ್ಯ. ಸಾಲ ಕೊಡುವವನು ಕೇಳುವ ಮೊದಲ ಪ್ರಶ್ನೆ: ‘ನಿನ್ನ ಕರೆಂಟನ್ನು ಇಪ್ಪತ್ತು ವರ್ಷ ತಪ್ಪದೆ ಕೊಳ್ಳುವವರು ಯಾರು? ಅವರ ಸಹಿ ತೋರಿಸು.’ ದೇಶ ಬಡವಾದಷ್ಟೂ, ವಿದ್ಯುತ್ ಕಂಪನಿಯ ಲೆಕ್ಕಪುಸ್ತಕ ದುರ್ಬಲವಾದಷ್ಟೂ ಸಾಲಗಾರನ ಅನುಮಾನ ಹೆಚ್ಚು, ಬಡ್ಡಿಯೂ ಹೆಚ್ಚು. ಹೀಗೆ ಅದೇ ಯಂತ್ರ, ಅದೇ ಗಾಳಿ ಇದ್ದರೂ ಡೆನ್ಮಾರ್ಕಿನಲ್ಲಿ ಅಗ್ಗವಾಗುವ ಕರೆಂಟು ಆಫ್ರಿಕದ ದೇಶವೊಂದರಲ್ಲಿ ತುಟ್ಟಿಯಾಗುತ್ತದೆ.

ಕೆನ್ಯಾದಲ್ಲಿ ಆ ಸಹಿ ಹಾಕಿದ್ದು ಅಲ್ಲಿನ ವಿತರಣಾ ಸಂಸ್ಥೆ ಕೆನ್ಯಾ ಪವರ್. ಒಪ್ಪಂದ ಇಪ್ಪತ್ತು ವರ್ಷದ್ದು, ದರ ಯೂರೋ ಲೆಕ್ಕದಲ್ಲಿ. ಅದರಲ್ಲಿ ಒಂದು ಷರತ್ತು: ತಯಾರಾಗುವ ಕರೆಂಟನ್ನು ತೆಗೆದುಕೊಂಡರೂ ಸರಿ, ಬಿಟ್ಟರೂ ಸರಿ, ದುಡ್ಡು ಮಾತ್ರ ಕೊಡಲೇಬೇಕು. ವರ್ತನೆ ಹಾಲಿನವನಿಗೆ ‘ಮನೆಗೆ ಬೀಗ ಹಾಕಿ ಊರಿಗೆ ಹೋದರೂ ತಿಂಗಳ ದುಡ್ಡು ನಿನ್ನದೇ’ ಎಂದು ಬರೆದುಕೊಟ್ಟಂತೆ. ಸಾಲ ಕೊಡುವವರಿಗೆ ಈ ಮಾತು ಜೇನು. ಕೊಳ್ಳುವವರಿಗೆ? ವಿಶ್ವಬ್ಯಾಂಕು ಇಲ್ಲೇ ಹುಬ್ಬು ಗಂಟಿಕ್ಕಿತು. ದೇಶದ ವಿದ್ಯುತ್ ಜಾಲ ಸಣ್ಣದು, ಇಷ್ಟು ಗಾಳಿ ಕರೆಂಟನ್ನು ಅದು ಒಮ್ಮೆಗೇ ಅರಗಿಸಿಕೊಳ್ಳಲಾರದು, ಬಳಸದ ಕರೆಂಟಿಗೂ ಬಳಕೆದಾರ ಹಣ ತೆರಬೇಕಾದೀತು ಎಂದು ಹೇಳಿ 2012ರಲ್ಲಿ ಯೋಜನೆಯಿಂದ ಹೊರಗುಳಿಯಿತು. ಆಫ್ರಿಕ ಅಭಿವೃದ್ಧಿ ಬ್ಯಾಂಕು ಮುಂದೆ ನಿಂತು ಉಳಿದವರನ್ನು ಕೂಡಿಸಿತು. 2014ರಲ್ಲಿ ಸಾಲದ ಕಾಗದಗಳಿಗೆ ಸಹಿ ಬಿತ್ತು. ಯಾರು ಸರಿ, ಯಾರು ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ವಿಶ್ವಬ್ಯಾಂಕಿನ ಮಾತು ಕೇಳಿದ್ದರೆ ಆ ಯಂತ್ರಗಳು ಇಂದಿಗೂ ಕಾಗದದ ಮೇಲೇ ಇರುತ್ತಿದ್ದವು. ಕೇಳದೆ ಇದ್ದುದರಿಂದ ಅದು ಹೇಳಿದ ಭಯದ ಒಂದು ಭಾಗ ಅಕ್ಷರಶಃ ನಿಜವಾಯಿತು.

ಅದು ನಿಜವಾದದ್ದು ತಂತಿಯ ವಿಷಯದಲ್ಲಿ. ಯಂತ್ರ ನಿಲ್ಲಿಸುವುದು ಖಾಸಗಿ ಕಂಪನಿಯ ಪಾಲಿಗೆ, ತಂತಿ ಎಳೆಯುವುದು ಸರ್ಕಾರದ ಪಾಲಿಗೆ ಎಂದು ಒಪ್ಪಂದವಾಗಿತ್ತು. ಲೋಯಂಗಲಾನಿಯಿಂದ ನೈರೋಬಿ ಸಮೀಪದ ಸುಸ್ವಾಕ್ಕೆ ಸುಮಾರು 430 ಕಿಲೋಮೀಟರ್, ಬೆಂಗಳೂರಿನಿಂದ ಧಾರವಾಡಕ್ಕೆ ಹೋದಷ್ಟು ದೂರ. ನಾಲ್ಕು ಲಕ್ಷ ವೋಲ್ಟಿನ ಮಾರ್ಗ. ಗೋಪುರ ನಿಲ್ಲುವ ಜಮೀನಿನ ಪರಿಹಾರದ ತಗಾದೆಗಳೇ ಸಾಕಷ್ಟಿದ್ದವು. ಅದರ ಮೇಲೆ ಗುತ್ತಿಗೆ ಹಿಡಿದಿದ್ದ ಸ್ಪೇನಿನ ಐಸೊಲಕ್ಸ್ ಕೊರ್ಸಾನ್ ಕಂಪನಿ 2017ರಲ್ಲಿ ದಿವಾಳಿ ಎದ್ದಿತು. ಉಳಿದ ಕೆಲಸವನ್ನು ಚೀನಾದ ಕಂಪನಿಗಳು ಬಂದು ಮುಗಿಸಿದವು. ಅಷ್ಟರವರೆಗೆ ಮೀಟರು ಮಾತ್ರ ಓಡುತ್ತಲೇ ಇತ್ತು, ಕರೆಂಟಿನ ಮೀಟರಲ್ಲ, ದಂಡದ ಮೀಟರು! ತಂತಿ ತಡವಾದ ತಪ್ಪು ಸರ್ಕಾರದ್ದಾದ್ದರಿಂದ ‘ತಯಾರಾಗಬಹುದಾಗಿದ್ದ’ ಕರೆಂಟಿಗೂ ಹಣ ಕಟ್ಟಬೇಕಾಯಿತು. ಒಂದಷ್ಟು ಇಡುಗಂಟಾಗಿ, ಉಳಿದದ್ದು ಮುಂದಿನ ವರ್ಷಗಳ ಯೂನಿಟ್ ದರಕ್ಕೆ ಸೇರಿ. ನೈರೋಬಿಯ ಒಬ್ಬ ದರ್ಜಿ, ಒಬ್ಬ ಹೋಟೆಲಿನವನು ತಾನು ಎಂದೂ ಕಾಣದ ಕರೆಂಟಿನ ಬಿಲ್ಲನ್ನು ತನಗೆ ಗೊತ್ತಿಲ್ಲದೆಯೇ ಕಟ್ಟಿದ. ದರ ಯೂರೋದಲ್ಲಿ ಇದ್ದುದರಿಂದ ಕೆನ್ಯಾದ ಶಿಲ್ಲಿಂಗ್ ಕುಸಿದಾಗಲೆಲ್ಲ, ಅದರಲ್ಲೂ 2023ರಲ್ಲಿ ಅದು ಜೋರಾಗಿ ಬಿದ್ದಾಗ, ಆ ಬಿಲ್ಲಿನ ಭಾರ ಇನ್ನಷ್ಟು ಏರಿತು.

ತನ್ನ ಮನೆಗೆ ಬೇಕಾದಷ್ಟೇ ಕರೆಂಟು ಮಾಡಿಕೊಳ್ಳುವವನಿಗೆ ಈ ರಗಳೆ ಯಾವುದೂ ಇಲ್ಲ. ಮಲಾವಿ ದೇಶದ ವಿಲಿಯಂ ಕಾಮ್‌ಕ್ವಾಂಬಾನ ಕಥೆಯನ್ನು ಕೆಲವು ವಿದ್ಯಾರ್ಥಿಗಳಾದರೂ ಕೇಳಿರಬಹುದು. 2001-02ರ ಬರಗಾಲದಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗ. ಊರಿನ ಗ್ರಂಥಾಲಯದಲ್ಲಿ ಸಿಕ್ಕಿದ ಒಂದು ವಿಜ್ಞಾನದ ಪುಸ್ತಕದಲ್ಲಿ ಗಾಳಿಯಂತ್ರದ ಚಿತ್ರ ನೋಡಿದ. ಸೈಕಲ್ಲಿನ ಚೌಕಟ್ಟು, ಡೈನಮೊ, ಟ್ರ್ಯಾಕ್ಟರಿನ ಫ್ಯಾನು, ಬಿಸಿ ಮಾಡಿ ಚಪ್ಪಟೆ ಮಾಡಿದ ಪ್ಲಾಸ್ಟಿಕ್ ಪೈಪು, ನೀಲಗಿರಿ ಮರದ ಕಂಬ ಇಷ್ಟರಲ್ಲೇ ಯಂತ್ರ ಕಟ್ಟಿ ಮನೆಯ ಬಲ್ಬು ಉರಿಸಿದ, ರೇಡಿಯೋ ಹಾಡಿಸಿದ. ಮುಂದೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ 2014ರಲ್ಲಿ ಪದವಿ ಪಡೆದ. ಅವನ ಬಗ್ಗೆ ಪುಸ್ತಕವೂ ಬಂತು, 2019ರಲ್ಲಿ ಸಿನಿಮಾವೂ ಬಂತು. ಹೊಗಳಿದಷ್ಟೂ ಕಡಿಮೆಯೇ. ಆದರೆ ಒಂದು ಮನೆಯ ನಾಲ್ಕು ಬಲ್ಬಿಗೂ ಒಂದು ದೇಶದ ಕಾರ್ಖಾನೆ, ಆಸ್ಪತ್ರೆಗಳಿಗೂ ನಡುವೆ ಇರುವ ಅಂತರವನ್ನು ಜಾಣ ಹುಡುಗರ ಕೈಚಳಕ ಒಂದೇ ತುಂಬಲಾರದು. ಅಲ್ಲಿ ಗಾಳಿಯ ಅಳತೆ ಬಲ್ಲವರ ಜೊತೆಗೆ ಒಪ್ಪಂದದ ಕಾಗದ ಓದಬಲ್ಲ ವಕೀಲರು ಬೇಕು, ಬಡ್ಡಿಯ ಲೆಕ್ಕ ತಿಳಿದ ವಾಣಿಜ್ಯ ಪದವೀಧರರು ಬೇಕು, ಹಕ್ಕಿಗಳನ್ನು ಗುರುತಿಸುವ ಪ್ರಾಣಿಶಾಸ್ತ್ರಜ್ಞರು ಬೇಕು, ನಲವತ್ತೈವತ್ತು ಮೀಟರ್ ಕಂಬ ಹತ್ತಿ ಬೋಲ್ಟು ಬಿಗಿಮಾಡುವ ಐಟಿಐ ಹುಡುಗರೂ ಬೇಕು. ಇಂಜಿನಿಯರಿಂಗ್ ಸೀಟು ಸಿಗದಿದ್ದರೆ ಮಗನ ಬಾಳೇ ಮುಗಿಯಿತೆಂದು ಕೊರಗುವ ತಂದೆತಾಯಿಯರು ಈ ಪಟ್ಟಿಯನ್ನು ಇನ್ನೊಮ್ಮೆ ಓದಬಹುದು.

ಕೆನ್ಯಾ ಒಬ್ಬನೇ ಗಿರಾಕಿ, ಒಬ್ಬನೇ ಮಾರಾಟಗಾರ ಎಂಬಂತೆ ಕೂತು ಚೌಕಾಸಿ ಮಾಡಿತು. ದಕ್ಷಿಣ ಆಫ್ರಿಕ ಹರಾಜು ಕೂಗಿತು, ಅದೂ ತಿರುಗುಮುರುಗಾದ ಹರಾಜು. ‘ಯಾರು ಎಲ್ಲರಿಗಿಂತ ಕಡಿಮೆ ದರಕ್ಕೆ ಕೊಡುತ್ತೀರಿ?’ ಎಂದು 2011ರಿಂದ ಸುತ್ತಿನ ಮೇಲೆ ಸುತ್ತು ಟೆಂಡರು ಕರೆಯಿತು. ಕಲ್ಲಿದ್ದಲನ್ನೇ ನಂಬಿ ಕೂತಿದ್ದ, ಕರೆಂಟು ಕಡಿತದಿಂದ ಬೇಸತ್ತಿದ್ದ ದೇಶ ಅದು. ಸ್ಪರ್ಧೆ ಹೆಚ್ಚಿದಂತೆ ಗಾಳಿ ಕರೆಂಟಿನ ದರ ಮೊದಲ ಸುತ್ತಿಗೂ ನಾಲ್ಕನೇ ಸುತ್ತಿಗೂ ನಡುವೆ ಅರ್ಧದ ಆಸುಪಾಸಿಗೆ ಇಳಿಯಿತು. ದರದ ಜೊತೆಗೆ ಇನ್ನೂ ಕೆಲವು ಷರತ್ತುಗಳಿದ್ದವು. ಸ್ಥಾವರದ ಸುತ್ತ 50 ಕಿಲೋಮೀಟರ್ ಒಳಗಿನ ಊರುಗಳಿಗೆ ಆದಾಯದಲ್ಲಿ ಒಂದು ಪಾಲನ್ನು ಖರ್ಚು ಮಾಡಬೇಕು, ಸ್ಥಳೀಯರಿಗೆ ಷೇರು ಕೊಡಬೇಕು ಎಂಬುವು ಅವುಗಳಲ್ಲಿ ಸೇರಿದ್ದವು. ಇದನ್ನು ನೋಡಿ ಇತರ ಆಫ್ರಿಕನ್ ದೇಶಗಳೂ ಹರಾಜಿನ ದಾರಿ ಹಿಡಿದವು.

ಅಲ್ಲೂ ಎಡವಟ್ಟು ತಪ್ಪಲಿಲ್ಲ. ಸರ್ಕಾರಿ ವಿದ್ಯುತ್ ಸಂಸ್ಥೆ ಎಸ್ಕಾಂ ಹರಾಜು ಗೆದ್ದವರ ಒಪ್ಪಂದಗಳಿಗೆ ಸಹಿ ಹಾಕದೆ ಎರಡು ವರ್ಷ ಎಳೆದಾಡಿತು. 2018ರ ಏಪ್ರಿಲ್‌ನಲ್ಲಿ ಒಟ್ಟಿಗೆ 27 ಯೋಜನೆಗಳ ಕಾಗದಗಳಿಗೆ ಸಹಿ ಬೀಳುವ ವೇಳೆಗೆ ಗಾಳಿಯಂತ್ರದ ಗೋಪುರ ಮಾಡಲೆಂದು ಶುರುವಾಗಿದ್ದ ಸ್ಥಳೀಯ ಉದ್ಯಮಗಳು ಕೆಲಸವಿಲ್ಲದೆ ಸೊರಗಿದ್ದವು. ಬಳಿಕ 2022ರ ಆರನೇ ಸುತ್ತಿನಲ್ಲಿ ಇನ್ನೊಂದು ವಿಚಿತ್ರ. ಗಾಳಿಯ ಯೋಜನೆಗಳಲ್ಲಿ ಒಂದೇ ಒಂದಕ್ಕೂ ಆಯ್ಕೆಯ ಪತ್ರ ಸಿಗಲಿಲ್ಲ. ಗಾಳಿ ಚೆನ್ನಾಗಿರುವುದು ಪೂರ್ವ ಕೇಪ್, ಪಶ್ಚಿಮ ಕೇಪ್ ಪ್ರಾಂತಗಳಲ್ಲಿ. ಅಲ್ಲಿನ ವಿದ್ಯುತ್ ಮಾರ್ಗಗಳು ಆಗಲೇ ತುಂಬಿ ತುಳುಕುತ್ತಿದ್ದವು. ಹೊಸ ಕರೆಂಟಿಗೆ ತಂತಿಯಲ್ಲಿ ಜಾಗವೇ ಇಲ್ಲ! ಖಂಡದ ಒಂದು ತುದಿಯ ಬಡ ಮರುಭೂಮಿಯಲ್ಲಿ ಆದ ಪಾಡೇ ಇನ್ನೊಂದು ತುದಿಯ ಪ್ರಾಂತಗಳಲ್ಲೂ ಆಯಿತು.

ಮೊರಾಕೊ ಮತ್ತು ಈಜಿಪ್ಟ್‌ಗಳದ್ದು ಸ್ವಲ್ಪ ಸಲೀಸಿನ ದಾರಿ. ಎರಡೂ ದೇಶಗಳಲ್ಲಿ ಬಲವಾದ ಗಾಳಿ ಸಮುದ್ರದಂಚಿನಲ್ಲೇ ಇದೆ, ಎರಡೂ ಕಡೆ ಸರ್ಕಾರವೇ ಹಠ ಹಿಡಿದು ನಿಂತಿತು. ಮೊರಾಕೊ 2000ದಲ್ಲೇ 50 ಮೆಗಾವಾಟಿನ ಸ್ಥಾವರ ಕಟ್ಟಿತು. 2014ರ ಹೊತ್ತಿಗೆ ತರ್ಫಾಯಾದಲ್ಲಿ 301 ಮೆಗಾವಾಟ್. ಈಜಿಪ್ಟಿನ ಸೂಯೆಜ್ ಕೊಲ್ಲಿಯ ದಂಡೆ ಗಾಳಿಗೆ ಹೆಸರಾದದ್ದು. ಯೂರೋಪಿನಿಂದ ಆಫ್ರಿಕಕ್ಕೆ ವಲಸೆ ಹೋಗುವ ಕೊಕ್ಕರೆ, ಹದ್ದುಗಳ ಹೆದ್ದಾರಿಯೂ ಅದೇ ಆಗಿರುವುದರಿಂದ ಹಕ್ಕಿಯ ಹಿಂಡು ಕಂಡಾಗ ಯಂತ್ರ ನಿಲ್ಲಿಸುವ ವ್ಯವಸ್ಥೆಯನ್ನೂ ಅಲ್ಲಿ ಮಾಡಬೇಕಾಯಿತು. ಸೆನೆಗಲ್, ಇಥಿಯೋಪಿಯ, ಜಿಬೂಟಿಗಳೂ ಒಂದೊಂದೇ ಹೆಜ್ಜೆ ಇಟ್ಟಿವೆ. ಇನ್ನು ಖಂಡದ ನಡುವಿನ ಕಾಂಗೊ ಕೊಳ್ಳದಲ್ಲಿ ಗಾಳಿಯೇ ಮಂದ. ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ಮತ್ತೆ ತುರ್ಕಾನಕ್ಕೆ. ಗಿರಾಕಿಯಾಯಿತು, ತಂತಿಯಾಯಿತು. ಮೂರನೆಯದು ನೆಲ. ಅದರ ಲೆಕ್ಕ ಇನ್ನೂ ಬಾಕಿ.

ಯೋಜನೆಗೆಂದು 2009ರಲ್ಲಿ ಗುತ್ತಿಗೆಗೆ ಕೊಟ್ಟ ನೆಲ ಒಂದೂವರೆ ಲಕ್ಷ ಎಕರೆ, ಅಂದರೆ 600 ಚದರ ಕಿಲೋಮೀಟರ್. ಕಂಬಗಳು ನಿಂತ ಜಾಗ ಇದರಲ್ಲಿ ಸಣ್ಣ ಪಾಲು. ನಕಾಶೆಯಲ್ಲಿ ಅದು ಖಾಲಿ ನೆಲ. ಆದರೆ ರೆಂಡೀಲೆ, ಸಂಬುರು, ತುರ್ಕಾನ, ಎಲ್ ಮೊಲೊ ಜನರ ಪಾಲಿಗೆ ಅದು ಒಂಟೆ, ಮೇಕೆ, ದನ ಮೇಯಿಸುವ ಗೋಮಾಳ, ಬರ ಬಂದಾಗ ಸರಿದುಹೋಗುವ ದಾರಿ. ಗೋಮಾಳಕ್ಕೆ ಪಟ್ಟಾ ಯಾರ ಹೆಸರಿನಲ್ಲಿ ಇರುತ್ತದೆ? ಅಂಥ ನೆಲವನ್ನು ಸಮುದಾಯದ ಪರವಾಗಿ ಅಲ್ಲಿನ ಸ್ಥಳೀಯ ಮಂಡಳಿ ನೋಡಿಕೊಳ್ಳಬೇಕೆಂದು ಆಗಿನ ಕಾನೂನು. ಬೇರೊಂದು ಕೆಲಸಕ್ಕೆ ಕೊಡಬೇಕಾದರೆ ಜನರಿಗೆ ತಿಳಿಸಬೇಕು, ಕೇಳಬೇಕು, ಪರಿಹಾರ ಕೊಡಬೇಕು. ಇದಾವುದೂ ಸರಿಯಾಗಿ ಆಗಿಲ್ಲವೆಂದು ಊರವರು 2014ರಲ್ಲಿ ಕೋರ್ಟಿಗೆ ಹೋದರು. ಏಳು ವರ್ಷ ಕಳೆದು 2021ರ ಅಕ್ಟೋಬರಿನಲ್ಲಿ ಮೆರು ಪಟ್ಟಣದ ಭೂ ನ್ಯಾಯಾಲಯ ತೀರ್ಪು ಕೊಟ್ಟಿತು: ನೆಲದ ಹಕ್ಕುಪತ್ರಗಳನ್ನು ಕೊಟ್ಟ ಕ್ರಮ ಕಾನೂನಿಗೆ ವಿರುದ್ಧ, ಒಂದು ವರ್ಷದೊಳಗೆ ಎಲ್ಲವನ್ನೂ ಕ್ರಮಪ್ರಕಾರ ಮಾಡಿ, ಇಲ್ಲದಿದ್ದರೆ ಹಕ್ಕುಪತ್ರ ರದ್ದು. ಗಡುವು ಮುಗಿದ ಮೇಲೆ ಇನ್ನಷ್ಟು ಸಮಯ ಕೇಳಿದಾಗ 2023ರಲ್ಲಿ ಕೋರ್ಟು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಯಂತ್ರಗಳು ತಿರುಗಲು ಶುರುವಾಗಿ ವರ್ಷಗಳೇ ಆಗಿದ್ದವು.

ಯೋಜನೆಯಿಂದ ರಸ್ತೆ ಬಂತು, ಕಟ್ಟುವ ಕಾಲದಲ್ಲಿ ಕೂಲಿ ಸಿಕ್ಕಿತು, ಶಾಲೆ, ಆಸ್ಪತ್ರೆಗಳಿಗೆ ನೆರವೂ ಬಂತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ನಾಲ್ಕು ಲಕ್ಷ ವೋಲ್ಟಿನ ತಂತಿಯಿಂದ ದಾರಿಯಲ್ಲಿರುವ ಗುಡಿಸಲಿಗೆ ಕರೆಂಟು ಇಳಿಸುವುದಕ್ಕಾಗುವುದಿಲ್ಲ. ಅದಕ್ಕೆ ಬೇರೆಯೇ ಉಪಕೇಂದ್ರ, ಬೇರೆಯೇ ಮಾರ್ಗ ಬೇಕು, ಅದರ ಖರ್ಚಿಗೆ ನಾಲ್ಕು ಮನೆಯ ಬಿಲ್ಲು ಸಾಲದು. ಹೀಗೆ ಕರೆಂಟು ಹಳ್ಳಿಗಳ ತಲೆಯ ಮೇಲೆ ಹಾದು ರಾಜಧಾನಿಯ ಕಡೆಗೆ ಹೊರಟಿತು.

ನೆಲದ ಪ್ರಶ್ನೆಯನ್ನು ಉಪೇಕ್ಷೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಕೆನ್ಯಾದಲ್ಲೇ ಇನ್ನೊಂದು ನಿದರ್ಶನವಿದೆ. ಕಿನಾಂಗೊಪ್ ಎಂಬಲ್ಲಿ 60 ಮೆಗಾವಾಟಿನ ಯೋಜನೆ ಶುರುವಾಗಿತ್ತು. ಸಣ್ಣ ಹಿಡುವಳಿಯ ರೈತರ ಊರು. ಜಮೀನು, ಪರಿಹಾರ, ಆರೋಗ್ಯದ ಭಯ ಎಲ್ಲ ಸೇರಿ ಪ್ರತಿಭಟನೆ ಎದ್ದು, 2015ರಲ್ಲಿ ಒಬ್ಬ ಪ್ರತಿಭಟನಕಾರನ ಪ್ರಾಣವೇ ಹೋಯಿತು. 2016ರಲ್ಲಿ ಯೋಜನೆ ರದ್ದಾಯಿತು. ಅದೇ ದೇಶದ ಕಜಿಯಾಡೊದಲ್ಲಿ 2021ರಲ್ಲಿ ಶುರುವಾದ ಕಿಪೆಟೊ ಸ್ಥಾವರ 100 ಮೆಗಾವಾಟ್, 60 ಯಂತ್ರಗಳದ್ದು. ಅಲ್ಲಿ ಜಮೀನು ಮಸಾಯ್ ಕುಟುಂಬಗಳ ಹೆಸರಿನಲ್ಲೇ ಇತ್ತು. ಮನೆಮನೆಯೊಂದಿಗೆ ಗೇಣಿಯ ಕರಾರಾಯಿತು, ಊರಿನ ಟ್ರಸ್ಟಿಗೆ ಷೇರು ಕೊಟ್ಟರು. ರಣಹದ್ದು ಹತ್ತಿರ ಬಂದರೆ ಯಂತ್ರ ನಿಲ್ಲಿಸಲು ಕಾವಲುಗಾರರನ್ನೂ ಇಟ್ಟರು. ಒಂದೇ ದೇಶ, ಒಂದೇ ಕಾನೂನು, ಹೆಚ್ಚುಕಡಿಮೆ ಒಂದೇ ಕಾಲ. ಎರಡರ ಗತಿ ಬೇರೆಬೇರೆ.

ಈಗ ಕೆನ್ಯಾದ ಕರೆಂಟಿನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಭೂಮಿಯೊಳಗಿನ ಶಾಖ, ನೀರು, ಗಾಳಿ, ಬಿಸಿಲುಗಳಿಂದಲೇ ಬರುತ್ತದೆ. ಬಹಳ ದೊಡ್ಡ ದೇಶಗಳಿಗೂ ಸಾಧ್ಯವಾಗದ ಮಾತು ಇದು. ಅಲ್ಲಿ ಈಗಿರುವ ತಲೆನೋವು ಬೇರೆ ಬಗೆಯದು. ತುರ್ಕಾನದ ಗಾಳಿಗೆ ಹುಮ್ಮಸ್ಸು ಬರುವುದು ರಾತ್ರಿ ಮತ್ತು ನಸುಕಿನಲ್ಲಿ. ಸಂಜೆ ಏಳೆಂಟು ಗಂಟೆಗೆ ಎಲ್ಲ ಮನೆಗಳಲ್ಲೂ ದೀಪ, ಟೀವಿ ಹಾಕಿ ಬೇಡಿಕೆ ಏರಿದಾಗ ಅದು ಪೂರ್ತಿ ಎಚ್ಚರಗೊಂಡಿರುವುದಿಲ್ಲ. ಊರೆಲ್ಲ ಮಲಗಿದ ಮೇಲೆ ಭೋರ್ಗರೆಯುತ್ತದೆ. ಮಧ್ಯರಾತ್ರಿಯಲ್ಲಿ ಕೊಳ್ಳುವವರಿಲ್ಲದೆ ಕೆಲವು ಗಾಳಿಯಂತ್ರಗಳನ್ನು ನಿಲ್ಲಿಸಬೇಕು, ಇಲ್ಲವೆ ಒಲ್ಕಾರಿಯಾದ ಭೂಶಾಖ ಸ್ಥಾವರಗಳ ಹಬೆಯನ್ನು ಸುಮ್ಮನೆ ಆಕಾಶಕ್ಕೆ ಬಿಡಬೇಕು. ಒಪ್ಪಂದದ ಪ್ರಕಾರ ಹಣವನ್ನಂತೂ ಕೊಡಲೇಬೇಕು. ಹಳೆಯ ಒಪ್ಪಂದಗಳ ದರ ಇಳಿಸಬಹುದೇ ಎಂದು ನೋಡಲು 2021ರಲ್ಲಿ ಸರ್ಕಾರ ಒಂದು ಕಾರ್ಯಪಡೆಯನ್ನೇ ನೇಮಿಸಿತು. 2022ರಲ್ಲಿ ಇಥಿಯೋಪಿಯದ ಜಲವಿದ್ಯುತ್ತನ್ನು ತರುವ ಸಾವಿರ ಕಿಲೋಮೀಟರಿಗೂ ಉದ್ದದ ತಂತಿ ಅದೇ ಸುಸ್ವಾಕ್ಕೆ ಬಂದು ಮುಟ್ಟಿತು. ನೀರನ್ನು ಅಣೆಕಟ್ಟಿನಲ್ಲಿ ಹಿಡಿದಿಡಬಹುದು, ಗಾಳಿಯನ್ನು ಹಿಡಿದಿಡಲಾಗದು. ಗಾಳಿ ಬೀಸುವಾಗ ನೀರು ಉಳಿಸಿ, ಗಾಳಿ ನಿಂತಾಗ ನೀರು ಹರಿಸಿದರೆ ನೆರೆಹೊರೆಯ ದೇಶಗಳು ಒಂದರ ಕೊರತೆಯನ್ನು ಇನ್ನೊಂದು ತುಂಬಬಹುದು.

ರಾತ್ರಿಯ ಗಾಳಿಗೆ ಗಿರಾಕಿ ಹುಡುಕುವ ಇನ್ನೊಂದು ಪ್ರಯತ್ನವೂ ನಡೆದಿದೆ. ಆ ದೇಶದ ಊರೂರಿನಲ್ಲಿ ಜನರನ್ನು ಹಿಂದೆ ಕೂರಿಸಿಕೊಂಡು ಬಾಡಿಗೆಗೆ ಓಡುವ ಮೋಟಾರು ಸೈಕಲ್ಲುಗಳಿವೆ. ಬೋಡಾ ಬೋಡಾ ಎಂದು ಅವುಗಳ ಹೆಸರು. ಇವುಗಳಲ್ಲಿ ಪೆಟ್ರೋಲ್ ಬಿಟ್ಟು ಬ್ಯಾಟರಿಗೆ ತಿರುಗಿದವು ಹೆಚ್ಚುತ್ತಿವೆ. 2023ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಬೇರೆ ದರ ಗೊತ್ತುಮಾಡಿದರು: ಬೇಡಿಕೆಯ ಹೊತ್ತಿನಲ್ಲಿ ಯೂನಿಟ್ಟಿಗೆ 16 ಶಿಲ್ಲಿಂಗ್, ಬೇಡಿಕೆ ಇಳಿದ ರಾತ್ರಿಯ ಹೊತ್ತಿನಲ್ಲಿ 8. ದಿನವಿಡೀ ಸವಾರಿ ಹೊಡೆದು ಬಂದ ಬೋಡಾ ಬೋಡಾದವನು ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗುವ ವೇಳೆಗೆ ತುರ್ಕಾನದ ದಂಡೆಯಲ್ಲಿ ಗಾಳಿ ಏಳುತ್ತದೆ.